ಒಂದೇ ಹಗ್ಗದ ಎರಡು ಹೊಲ

"ಕೊನೇ ಚುಕ್ಕಿ ಮೊದಲ್ನೇದ್ರ ಮೇಲೇ ಕೂರ್ಬೇಕಣ್ಣ. ಇಲ್ದಿದ್ರೆ ಹೊಲ ಮುಚ್ಕಳಲ್ಲ," ಎಂದಳು ಸುಧಾ. ಒತ್ತಿದೆ. ಬದು ಹಿಡಿದು ಸುತ್ತಿ ಬಂದ ಗೆರೆ ಕೂಡಿಕೊಂಡಿತು. ಒಳಗೆಲ್ಲ ನೀಲಿ ತುಂಬಿತು.

ಸುಧಾ ನನ್ನ ಚಿಕ್ಕಪ್ಪನ ಮಗಳು. ಅರಸೀಕೆರೆ ಕಾಲೇಜಿನಲ್ಲಿ ಗಣಿತ ಓದುತ್ತಾಳೆ. ನಾನು ಏಳನೇ ಕ್ಲಾಸಿಗೇ ಕೈಮುಗಿದವನು. ಆಕಾಶದಿಂದ ತೆಗೆದ ನಮ್ಮ ಎರಡೂ ಮನೆಯ ಹೊಲಗಳ ಚಿತ್ರವನ್ನು ಲ್ಯಾಪ್‌ಟಾಪಿನ ಗ್ರಾಫಿನ ಮೇಲೆ ಹಾಸಿ, ಪಂಪ್‌ಹೌಸಿನ ಗೋಡೆ ಇಷ್ಟಡಿ ಎಂದು ಅಳತೆ ಕೊಟ್ಟವಳು ಅವಳು. ಬದುವಿನ ಉದ್ದಕ್ಕೂ ಚುಕ್ಕಿ ಇಡುವುದು ನನ್ನ ಪಾಲಿಗೆ ಬಂತು. ಕಳೆ ಕೀಳುವುದೇ ವಾಸಿ.

ಇದಕ್ಕೆಲ್ಲ ಕಾರಣ ನಮ್ಮ ತಾತ. ಬಸ್ತಿಹಳ್ಳಿ ಪಕ್ಕದ ಜಮೀನನ್ನು ಇಬ್ಬರು ಮಕ್ಕಳಿಗೆ ಅವನು ಪಾಲು ಮಾಡಿದ್ದು ತೆಂಗಿನ ನಾರಿನ ಹಗ್ಗದಲ್ಲಿ. ಗಂಟು ಹಾಕಿ ಹಾಕಿ ಉದ್ದ ಮಾಡಿದ ಹಗ್ಗವನ್ನು ಚಿಕ್ಕಪ್ಪನ ದುಂಡನೆಯ ಹೊಲದ ಸುತ್ತ ಹಾಸಿದ. ಕಾಲುವೆ ಪಕ್ಕ ಹಾವಿನ ಹಾಗೆ ಮಲಗಿರುವ ನಮ್ಮಪ್ಪನ ಹೊಲಕ್ಕೆ ಅದೇ ಹಗ್ಗ ಸರಿಯಾಗಿ ಬರುವಂತೆ ಕಲ್ಲು ನೆಟ್ಟ. "ಗೇಣೂ ಹೆಚ್ಚಿಲ್ಲ, ಗೇಣೂ ಕಮ್ಮಿಯಿಲ್ಲ," ಎಂದು ಹಗ್ಗ ಸುತ್ತಿಟ್ಟ. ಪಹಣಿ ಇವತ್ತಿಗೂ ತಾತನ ಹೆಸರಲ್ಲಿ ಒಟ್ಟಿಗೇ ಇದೆ. ಬೇರೆ ಯಾರೂ ಅಳೆಯಲಿಲ್ಲ.

ಅಲ್ಲಿಂದ ಅಪ್ಪನಿಗೆ ಸೋಂಬೇರಿ ಎಂಬ ಹೆಸರು ಅಂಟಿತು. ಚಿಕ್ಕಪ್ಪನಿಗೆ ಹನ್ನೆರಡು ಮೂಟೆ ರಾಗಿಯಾದರೆ ಅಪ್ಪನಿಗೆ ಎಂಟು. "ಹೊಲ ಸಮ ಐತೆ. ನಿಮ್ಮಪ್ಪನ ಮೈ ಬಗ್ಗಲ್ಲ ಕಣ್ಲಾ," ಎಂದು ಚಿಕ್ಕಪ್ಪ ಅವನ ಎದುರಿಗೇ ನನಗೆ ಹೇಳುತ್ತಿದ್ದ. ಅಪ್ಪ ಗುದ್ದಲಿ ಎತ್ತಿಕೊಂಡು ಮತ್ತೆ ಹೊಲಕ್ಕೆ ಹೋಗುತ್ತಿದ್ದ. ಸಾಯುವವರೆಗೂ ಹಾಗೇ. ನಾನೂ ಅವನನ್ನು ಸೋಂಬೇರಿ ಎಂದೇ ನಂಬಿದ್ದೆ.

ಈಗ ಗ್ರಾಫ್ ಹೇಳಿತು: ಚಿಕ್ಕಪ್ಪನದು ನಲವತ್ತು ಗುಂಟೆ. ನಮ್ಮದು ಇಪ್ಪತ್ತಾರು.

ಪಕ್ಕದಲ್ಲೇ ಕೂತಿದ್ದ ಚಿಕ್ಕಪ್ಪ ಕನ್ನಡಕ ಏರಿಸಿದ. "ನಿನ್ ಡಬ್ಬಕ್ಕೆ ಹುಚ್ಚು ಹಿಡಿದೈತೆ. ಹಗ್ಗ ಒಂದೇ ಅಲ್ವೇನೇ?"

ಸುಧಾ ಏನೋ ಸೂತ್ರ ಶುರು ಮಾಡಿದಳು. ಅದನ್ನು ಕೇಳುವ ತಾಳ್ಮೆ ನನಗಿಲ್ಲ. ನನ್ನ ನಿಕ್ಕರಿನ ಲಾಡಿ ಎಳೆದು, ತುದಿಗೆ ತುದಿ ಗಂಟು ಹಾಕಿ, ಮೇಜಿನ ಮೇಲೆ ದುಂಡಗೆ ಇಟ್ಟೆ. ಒಳಗೆ ಚಿಕ್ಕಪ್ಪನ ಕಾಫಿ ಲೋಟ ಆರಾಮಾಗಿ ಕೂತಿತು. ಲೋಟ ತೆಗೆದು ಲಾಡಿಯನ್ನು ಎರಡೂ ಕಡೆಯಿಂದ ಎಳೆದೆ. ಲೋಟ ಇರಲಿ, ಬೆರಳು ಕೂಡ ತೂರಲಿಲ್ಲ. ನೀವೂ ಮಾಡಿ ನೋಡಿ. ಎದ್ದು ನಿಲ್ಲಬೇಡಿ, ಅಷ್ಟೇ.

ಚಿಕ್ಕಪ್ಪ ಲಾಡಿ ಕಸಿದು ತಾನೇ ಒಮ್ಮೆ ದುಂಡಗೆ ಮಾಡಿ, ಒಮ್ಮೆ ಎಳೆದು ನೋಡಿದ. ಕಾಫಿ ಆರಿತು.

"ಇಪ್ಪತ್ತಾರು ಗುಂಟೇಲಿ ಎಂಟು ಮೂಟೆ ತೆಗೀತಿದ್ನಾ ನಮ್ಮಣ್ಣ," ಎಂದ.

ಸುಧಾ ಭಾಗಿಸಿ ನೋಡಿದಳು. ಗುಂಟೆ ಲೆಕ್ಕದಲ್ಲಿ ಅಪ್ಪ ತಮ್ಮನಿಗಿಂತ ಒಂದು ಕೈ ಮೇಲೇ ಇದ್ದ.

"ಬೆಳಿಗ್ಗೆ ಹಾರೆ ತಗಂಡ್ ಬಾರ್ಲಾ. ಕಲ್ಲು ಕಿತ್ತು ಸಮವಾಗಿ ನೆಡಾನ," ಎಂದ ಚಿಕ್ಕಪ್ಪ, ನನ್ನ ಮುಖ ನೋಡದೆ. ಆಮೇಲೆ ಕನ್ನಡಕ ಇಳಿಸಿ ನನ್ನತ್ತ ತಿರುಗಿದ: "ಅದ್ಸರಿ, ಈಗ ನೀನೆಷ್ಟು ತೆಗೀತೀಯ?"

"ಐದು ಮೂಟೆ."

ಸುಧಾ ಮತ್ತೆ ಭಾಗಿಸಲು ಹೋದಳು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ನಮ್ಮಪ್ಪ ಸೋಂಬೇರಿಯಲ್ಲ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.