ಮೆಲುಕು ನಿಲ್ಲಿಸಿದ ಏಪ್ರನ್

ನಮ್ಮಪ್ಪನಿಗೆ ಹಳೇ ಕಾರೊಂದರ ಹುಚ್ಚು ಹಿಡಿದಿತ್ತು. ಔರಾದದ ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಲು ಇದ್ದದ್ದು ಒಂದೇ ಜಾಗ, ಅವ್ವನ ಎಮ್ಮೆಯ ಕೊಟ್ಟಿಗೆ. ಕರುವಿದ್ದಾಗಿನಿಂದ ಅವಳೇ ಸಾಕಿದ ಎಮ್ಮೆ. ಅದನ್ನು ಮಾರುವುದೆಂದು ಅಪ್ಪ ಒಬ್ಬನೇ ತೀರ್ಮಾನಿಸಿ, ಭಾಲ್ಕಿಯ ಗಿರಾಕಿಯೊಬ್ಬನನ್ನು ಕರೆಸಿದ. ಊಟಕ್ಕೆ ಬಡಿಸುವಾಗಲೆಲ್ಲ ಅವ್ವ ಬೇಡವೆಂದಳು. ಅಪ್ಪ ಉಪ್ಪಿನಕಾಯಿ ಕೇಳಿದ. ನನಗೆ ಮೈಯೆಲ್ಲ ಉರಿಯಿತು.

ನಾನಾಗ ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದೆ, ರಜೆಗೆಂದು ಬಂದಿದ್ದೆ.

"ನಿನ್ನ ಬಿಳಿ ಏಪ್ರನ್ ಹಾಕ್ಕೊಂಡು ಬಾರವ್ವ. ಡಾಕ್ಟರಮ್ಮ ನಿಂತಾಳ ಅಂದ್ರ ಗಿರಾಕಿ ಮುಂದ ಜರಾ ವಜನ ಇರ್ತದ," ಎಂದ ಅಪ್ಪ.

ಅಯ್ಯೋ ಶಿವನೇ! ಹೋದ ಸಲ ಅದೇ ಏಪ್ರನ್ ತೊಟ್ಟು ನಾನು ಚುಚ್ಚಿದ ಸೂಜಿಯನ್ನು ಎಮ್ಮೆ ಮರೆತಿರಲಿಲ್ಲ. ಬಿಳಿ ಬಟ್ಟೆ ಕಂಡರೆ ಗೂಟ ಕೀಳಲು ನೋಡುತ್ತಿತ್ತು. ನಮಗೆ ಪಾಠ ಬೇರೆ ಆಗಿತ್ತು: ದನ ಹೆದರಿದರೆ ರಕ್ತಕ್ಕೆ ಅಡ್ರಿನಲಿನ್ ಇಳಿಯುತ್ತದೆ, ನರಗಳೂ ತಡೆ ಹಾಕುತ್ತವೆ; ಮೇವು ಕಲಸುವ ದೊಡ್ಡ ಹೊಟ್ಟೆ ಗಪ್ಪನೆ ನಿಲ್ಲುತ್ತದೆ, ಮೆಲುಕೂ ಬಂದ್. ಅವ್ವನ ಮುಖ ನೋಡಿದೆ. ಅಪ್ಪನ ಮಾತು ಮೀರಬಾರದಲ್ಲ, ಎಲ್ಲ ಗುಂಡಿ ಹಾಕಿಕೊಂಡೇ ಹೋದೆ.

ಗಿರಾಕಿ ಪಳಗಿದವನು. ಹಲ್ಲು ನೋಡಿದ, ಕೆಚ್ಚಲು ನೋಡಿದ, ಎಡಪಕ್ಕೆಯ ಕುಳಿಯಲ್ಲಿ ಮುಷ್ಟಿ ಒತ್ತಿ ನಿಂತ. ಹೊಟ್ಟೆ ಹೊರಳಿದರೆ ಕೈಗೆ ತಿಳಿಯಬೇಕು. ನಾನು ಎಮ್ಮೆಯ ಕಣ್ಣೆದುರೇ ನಿಂತು ಏಪ್ರನ್ ಜಾಡಿಸಿದೆ.

"ಹೊಟ್ಟಿ ಆಡವಲ್ದಲ್ರಿ ಮಾಲಕ್ರೆ. ಮೆಲಕೂ ಹಾಕವಲ್ದು. ಬಿಮಾರಿ ಎಮ್ಮಿ ನಮಗ ಬ್ಯಾಡ್ರಿ," ಎಂದವನು ಚಹಾ ಕುಡಿದು ಹೊರಟೇಬಿಟ್ಟ.

ಅಪ್ಪ ಕಂಗಾಲಾದ. "ಏನಾಗ್ಯಾದ ಇದಕ? ಡಾಕ್ಟರ್ ನೀ, ನೋಡವ್ವ!"

ನಾನು ಏಪ್ರನ್ ಬಿಚ್ಚಿ ಒಳಗಿಟ್ಟು ಬಂದೆ. ಅವ್ವ ಎಮ್ಮೆಯ ಕುತ್ತಿಗೆ ಕೆರೆಯುತ್ತ ಕೂತಳು. ತುಸು ಹೊತ್ತಿಗೆ ಅದು ಅರೆಗಣ್ಣು ಮುಚ್ಚಿ ರಾಜಾರೋಷವಾಗಿ ಮೆಲುಕು ಹಾಕತೊಡಗಿತು. ಅಪ್ಪ ಓಡಿಬಂದು ಅದರ ಪಕ್ಕೆಗೆ ಕಿವಿಯನ್ನೇ ಹಚ್ಚಿದ.

"ಗುಡುಗುಡು ಅನ್ಲಿಕತ್ತದ! ಈಗ ಹ್ಯಾಂಗ?"

"ಅಂಜಿಕಿ ಹೋಯ್ತಪ್ಪಾ. ವೇಗಸ್ ಅಂತ ಒಂದು ನರ ಅದ, ಅದು ಹೊಟ್ಟಿಗಿ ಮತ್ತ ಚಾಲೂ ಮಾಡ್ತದ," ಎಂದು ನಗು ತಡೆಯಲಾರದೆ ಏಪ್ರನ್ನಿನ ಗುಟ್ಟನ್ನೂ ಹೇಳಿಬಿಟ್ಟೆ.

ಅಪ್ಪ ಕಿವಿ ತೆಗೆಯದೆಯೇ ಅವ್ವನನ್ನು ದುರುಗುಟ್ಟಿ ನೋಡಿದ. "ಅಂದ್ರ ಇಬ್ರೂ ಕೂಡಿ ನಾಟಕ ಮಾಡೀರಿ! ಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ರ ನಾ ಕೇಳ್ತಿದ್ದಿಲ್ಲೇನು?"

ಅವ್ವ ಕೆರೆಯುವುದನ್ನು ನಿಲ್ಲಿಸಲಿಲ್ಲ.

"ಎಮ್ಮಿ ಹೊಟ್ಟಿಗಿ ಇಷ್ಟು ಕಿವಿ ಹಚ್ಚೀರಿ. ನನ್ನ ಮಾತಿಗಿ ಒಂದಿನಾರ ಹಚ್ಚೀರೇನ್ರಿ?"