ದೋಣಿಗಲ್‌ನಲ್ಲಿ ಸೋರಿದ ಎಣ್ಣೆ

ಘಾಟಿ ಕೆಳಗಿನ ದೇವಸ್ಥಾನಕ್ಕೆ ಹೊರಟವರು ಇಳಿಜಾರು ಶುರುವಾಗುವ ಮೊದಲು ದೋಣಿಗಲ್‌ನಲ್ಲಿ ಕಾಫಿಗೆ ನಿಂತೆವು. ನಮ್ಮ ಹಳೇ ಕಾರಿನ ಹಿಂದಿನ ಚಕ್ರದ ಒಳಮೈ ಒದ್ದೆಯಾಗಿತ್ತು.

"ನಿನ್ನ ದೀಪದೆಣ್ಣೆ ಸೋರ್ಬುಟ್ಟೈತೆ ನೋಡು," ಎಂದು ಯಜಮಾನರು ರೇಗಿದರು. ಡಿಕ್ಕಿ ತೆಗೆದು ನೋಡಿದರೆ ದೇವರ ದೀಪಕ್ಕೆಂದು ತಂದಿದ್ದ ಎಣ್ಣೆ ಕ್ಯಾನಿನ ಮುಚ್ಚಳ ಬಿಗಿಯಾಗಿಯೇ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

ಪಕ್ಕದ ಗ್ಯಾರೇಜಿನವನು ಬಗ್ಗಿ ಮುಟ್ಟಿ ನೋಡಿ, "ಬ್ರೇಕ್ ಆಯಿಲ್ ಕಣಮ್ಮ," ಎಂದ.

"ನಿಧಾನಕ್ಕೆ ಇಳುದ್ರೆ ಆಗಲ್ವಾ ಮಾರಾಯ?" ಎಂದರು ಇವರು.

"ಇಳೀಬೋದು ಕಣ್ರೀ. ನಿಲ್ಸಕ್ಕಾಗಲ್ಲ, ಅಷ್ಟೇ."

ಇವರು ನಗಲಿಲ್ಲ. ಕೀ ಹಿಡಿದುಕೊಂಡು ಇಳಿಜಾರನ್ನೇ ನೋಡುತ್ತಿದ್ದರು. ಇಳಿಯುವ ಮೊದಲೇ ಕಣ್ಣಿಗೆ ಬಿತ್ತಲ್ಲ, ಶಿವ ದೊಡ್ಡವನು ಎಂದುಕೊಂಡೆ.

"ರೀ, ದೇವರು ಎಲ್ಲಿಗೂ ಹೋಗಲ್ಲ. ರಿಪೇರಿ ಆದ್ಮೇಲೇ ಹೋಗಾಣ," ಎಂದು ಕೈ ಚಾಚಿದೆ.

ಬಹಳ ಹೊತ್ತಿನ ಮೇಲೆ ಕೀ ನನ್ನ ಅಂಗೈಗೆ ಬಿತ್ತು. ಅವರ ಮುಷ್ಟಿಯಲ್ಲಿದ್ದು ಬಿಸಿಯಾಗಿತ್ತು.