ಹಡಗಿನಜ್ಜನಿಗೆ ಬಂದ ಫೋನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ಫೋನು ಮಾಡಿದವನು ನಾನೇ. ಈ ಮಾತನ್ನು ಇಷ್ಟು ವರ್ಷ ಬಾಯಿಗೆ ಬೀಗ ಹಾಕಿ ಇಟ್ಟುಕೊಂಡಿದ್ದೆ. ಹೋದ ವಾರ ಬೈಲಹೊಂಗಲದ ಪೇಟೆಯಲ್ಲಿ ಭಾಂಡೆ ಅಂಗಡಿಯವನೊಬ್ಬ ಹಿತ್ತಾಳೆಯ ಸಮೆ ದೀಪಕ್ಕೆ ಪಾಲಿಶ್ ಹಚ್ಚಿ ತಿಕ್ಕುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಹೋಗಿದ್ದ ತಾಟು ಬಿಟ್ಟು ಹೊರಗೆ ಬಂದೆ.

ನೇಸರಗಿಯ ನಮ್ಮ ಓಣಿಯಲ್ಲಿ ಆ ವಾಸನೆ ಇದ್ದದ್ದು ಒಬ್ಬರ ಮೈಗೆ ಮಾತ್ರ. ಎದುರು ಮನೆಯ ಹಡಗಿನಜ್ಜ. ಸಮುದ್ರವೇ ಇಲ್ಲದ ಊರಿನಿಂದ ನೌಕಾಪಡೆ ಸೇರಿ, ವಯಸ್ಸಾದ ಮೇಲೆ ಎಮ್ಮೆ ಕಟ್ಟಿಕೊಂಡು ಕುಳಿತಿದ್ದ. ಹಡಗಿನಲ್ಲಿ ಹಗ್ಗ ಬಿಗಿಯಲು ಕಲಿತ ಗಂಟಿನಿಂದಲೇ ಎಮ್ಮೆಯನ್ನೂ ಕಟ್ಟುತ್ತಿದ್ದ. ಎಮ್ಮೆ ಎಷ್ಟು ಜಗ್ಗಿದರೂ ಬಿಚ್ಚುತ್ತಿರಲಿಲ್ಲ, ಅಜ್ಜ ಬೆರಳಿಟ್ಟರೆ ಸಡಿಲ. ದಿನಾ ಮುಂಜಾನೆ ಕಟ್ಟೆಯ ಮೇಲೆ ಕುಳಿತು ಹಳೆಯ ಬೆಲ್ಟಿನ ಹಿತ್ತಾಳೆ ಬಿಲ್ಲೆಗೆ ಪಾಲಿಶ್ ಹಚ್ಚಿ ತಿಕ್ಕುತ್ತಿದ್ದ.

ಯುದ್ಧದ ಕಾಲದಲ್ಲಿ ಅವನಿದ್ದ ಹಡಗು ಸೈನಿಕರನ್ನು ಸಾಗಿಸುತ್ತಿತ್ತು. ಕಾಮಾಲೆಯಾಯಿತೆಂದು ಅಜ್ಜನನ್ನು ಬಂದರಿನಲ್ಲೇ ಇಳಿಸಿ ಹೊರಟಿತು. ಮತ್ತೆ ಬರಲಿಲ್ಲ... ಆ ಹಡಗಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಿಂದ ಒಮ್ಮೆ ಹೊರಬಿದ್ದದ್ದೇ ಸಾಕು.

"ನಿಮ್ಮಜ್ಜ ಸತ್ತಮ್ಯಾಲೆ ಅವನ ಹೆಸರು ನಿನಗ ಇಟ್ರಿಲ್ಲೋ ತಮ್ಮಾ? ಹಡಗಿಗೂ ಹಂಗ," ಎನ್ನುತ್ತಿದ್ದ. "ಹಳೇದು ಮುಳುಗಿದ್ರ ಹೊಸಾದಕ್ಕ ಅದ ಹೆಸರು ಇಡತಾರ. ನಮ್ಮದಕ್ಕ ಇನ್ನೂ ಇಟ್ಟಿಲ್ಲ. ಇಡತಾರ."

ನಾನೋ, ಕಂಡವರ ದನಿ ತೆಗೆಯುವ ಓಣಿಯ ನಕಲಿ. ರಾಮದುರ್ಗದ ಬಸ್ಸಿನ ಕಂಡಕ್ಟರು, ಪೇಟೆಯ ದಲಾಲಿ, ಪರೀಕ್ಷೆಯಲ್ಲಿ ನಪಾಸಾಗಿ ತೊದಲುವ ನಾನು, ಯಾರನ್ನೂ ಬಿಡುತ್ತಿರಲಿಲ್ಲ. "ನಿನ್ನ ಸ್ವಂತ ದನಿ ಯಾವುದೋ ಭಾಡ್ಯಾ?" ಎಂದು ಅವ್ವ ಬೈಯುತ್ತಿದ್ದಳು. ಕಾಲೇಜಿನ ಕ್ಯಾಂಪಿಗೆ ಬಂದಿದ್ದ ಸೈನ್ಯದ ಸಾಹೇಬರೊಬ್ಬರ ದನಿಯನ್ನು ಆಗಷ್ಟೇ ಕದ್ದಿದ್ದೆ. ಹೊಸ ದನಿ ಎಂದರೆ ಹೊಸ ಚಪ್ಪಲಿ ಇದ್ದ ಹಾಗೆ, ಮೆಟ್ಟಿ ತಿರುಗುವವರೆಗೆ ಸಮಾಧಾನವಿಲ್ಲ.

ಒಂದು ಶುಕ್ರವಾರ ಮುಂಜಾನೆ ನಮ್ಮ ಮಾಳಿಗೆಯ ಮೇಲಿಂದ, ಗೆಳೆಯನ ಮೊಬೈಲಿನಲ್ಲಿ, ಅಜ್ಜನಿಗೆ ಫೋನು ಹಚ್ಚಿದೆ. ಸಾಹೇಬರ ಹಿಂದಿಯಲ್ಲಿ ಹೇಳಿದೆ: ಹೊಸ ಹಡಗಿಗೆ ನಿಮ್ಮ ಹಡಗಿನ ಹೆಸರು ಇಡುತ್ತಿದ್ದೇವೆ, ಸೋಮವಾರ ಬಾಗಿಲಿಗೆ ಜೀಪು ಬರುತ್ತದೆ, ತಯಾರಿರಿ. ಕೆಳಗೆ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕುಳಿತಿದ್ದ ಅಜ್ಜ ತಟ್ಟನೆ ಎದ್ದು ನೆಟ್ಟಗೆ ನಿಂತ. ಫೋನಿಗೇ ಸೆಲ್ಯೂಟ್ ಹೊಡೆದ. ನಾನು ಬಾಯಿಗೆ ಟವೆಲು ತುರುಕಿಕೊಂಡು ನಕ್ಕೆ.

ಸಂಜೆ ಹೇಳಿದರಾಯಿತು, ಎಲ್ಲರೂ ಕೂಡಿ ನಗೋಣ ಎಂದಿದ್ದೆ. ಸಂಜೆಯೊಳಗೆ ಓಣಿಗೆಲ್ಲ ಪೇಢೆ ಹಂಚಿಯಾಗಿತ್ತು. ನನ್ನ ಕೈಗೆ ಎರಡು ಬಿದ್ದವು. ತಿಂದೆ ಕೂಡ... ಮರುದಿನ ಹೆಂಗಸರು ಆರತಿ ತಾಟಿನ ಮಾತಾಡತೊಡಗಿದರು. ಅಜ್ಜ ಬಿಳಿ ಸಮವಸ್ತ್ರಕ್ಕೆ ನೀಲಿ ಹಾಕಿಸಿ ಒಣಗಿಸಿದ. ನಾನು ಜ್ವರದ ನೆಪ ಹೇಳಿ ಮಲಗಿದೆ. ನನ್ನನ್ನು ನಾನೇ ನಕಲು ಮಾಡಿ ಕೆಮ್ಮಿದೆ.

ರವಿವಾರ ಮುಂಜಾನೆ ಅಜ್ಜನೇ ಕರೆ ಕಳಿಸಿದ. ಹೋದೆ. ಕೈಗೊಂದು ಹಾಳೆ ಕೊಟ್ಟ. ಹಡಗಿನೊಡನೆ ಹೋದವರ ಹೆಸರುಗಳು, ಕನ್ನಡದಲ್ಲಿ, ನಡುಗುವ ಅಕ್ಷರದಲ್ಲಿ.

"ಹೊಸಾ ಹಡಗದಾಗ ನಿಂತು ಇವರ ಹೆಸರು ಕೂಗಾಂವದೀನಿ. ಎಲ್ಲಾರ್ನೂ ಹತ್ತಿಸಿಕೊಂಡ ಬರತೇನಿ. ನನ್ನ ದನಿ ಒಡದೈತಿ. ನಿನ್ನ ದನಿ ಗಟ್ಟಿ ಐತಿ, ಹೆಂಗ ಕೂಗಬೇಕು ಒಮ್ಮೆ ತೋರಸು."

ಮೊದಲ ಹೆಸರಿನ ಮೇಲೆ ಬೆರಳಿಟ್ಟೆ. ಯಾವ ದನಿಯಲ್ಲಿ ಓದಲಿ? ಕಂಡಕ್ಟರನದೇ, ಸಾಹೇಬನದೇ?

"ಅಜ್ಜಾರ... ಫೋನ್ ಮಾಡಿದಾಂವ ನಾನರಿ."

ನನ್ನ ಸ್ವಂತ ದನಿಯನ್ನು ಅಂದು ಮೊದಲ ಸಲ ಕೇಳಿದೆ. ತೀರ ಸಣ್ಣದಿತ್ತು. ಅಜ್ಜ ಹಾಳೆ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಆಮೇಲೆ ನನಗೆ ಒಂದೇ ಮಾತು ಆಡಿದ, ಅದನ್ನು ಕೊನೆಗೆ ಹೇಳುತ್ತೇನೆ. ಓಣಿಯವರಿಗಾದರೆ, ಕಾರ್ಯಕ್ರಮ ಮುಂದಕ್ಕೆ ಹೋಯಿತೆಂದು ತಾನೇ ಹೇಳಿದ. ನನ್ನ ಹೆಸರು ಎತ್ತಲಿಲ್ಲ.

ಈಗ ಅಜ್ಜ ಇಲ್ಲ. ಎಮ್ಮೆ ಮಾರಿದ್ದಾರೆ. ಅದು ಮೇವು ತಿನ್ನುತ್ತಿದ್ದ ಗ್ವಾದಲಿಯ ಗೂಟಕ್ಕೆ ಆ ಗಂಟಿನ ಹಗ್ಗ ಹಾಗೇ ಇದೆ, ಯಾರಿಗೂ ಬಿಚ್ಚಲು ಬಂದಿಲ್ಲ. ಆ ಹೆಸರಿನ ಹೊಸ ಹಡಗಿನ ಸುದ್ದಿಯನ್ನು ನಾನಂತೂ ಎಲ್ಲೂ ಕೇಳಿಲ್ಲ. ಮದುವೆ ಮನೆಗಳಲ್ಲಿ ಈಗಲೂ ಜನ ನಕಲು ಮಾಡು ಎನ್ನುತ್ತಾರೆ, ಮಾಡುತ್ತೇನೆ. ಸಾಹೇಬನ ದನಿ ಮಾತ್ರ ಮತ್ತೆ ತೆಗೆದಿಲ್ಲ. ಅಜ್ಜನ ದನಿಯನ್ನಂತೂ ಎಂದೂ ಪ್ರಯತ್ನಿಸಿಲ್ಲ. ಆದರೆ ಅಂದು ಅವನು ಆಡಿದ ಮಾತು ಅವನ ದನಿಯಲ್ಲೇ ಕಿವಿಯಲ್ಲಿದೆ:

"ಎರಡ ದಿನಾ ತೇಲಿತ್ತಲ್ಲೋ ತಮ್ಮಾ ನಮ್ಮ ಹಡಗ. ಇನ್ನೊಂದ ದಿನಾ ತಡಕೊಳ್ಳಾಕ ಆಗಲಿಲ್ಲೇನು, ಮುಳುಗಿಸಾಕ?"